ಹೋಳೂರಿನ ಅಮ್ಮ ಕೊಟ್ಟ ನಾಯಿಮರಿ

ನಾನು ಮದುವೆಯಾಗಿ ದೇವರಾಯಸಮುದ್ರಕ್ಕೆ ಬಂದ ವರ್ಷವೇ ನಮ್ಮ ಕುರಿದೊಡ್ಡಿಗೆ ತೋಳ ಬಿತ್ತು. ಕೆರೆಯ ಕೆಳಗೆ, ಊರಿನಿಂದ ಸ್ವಲ್ಪ ದೂರದಲ್ಲಿ ನಮ್ಮ ತೋಟದ ಮನೆ. ಮನೆಯ ಸುತ್ತ ಹಿಪ್ಪುನೇರಳೆ, ಅದರಾಚೆ ರಾಗಿ ಹೊಲ, ಹೊಲ ದಾಟಿದರೆ ಬರೀ ಬಂಡೆಗುಡ್ಡ. ಮನೆ ಕಾಯುತ್ತಿದ್ದ ಮುದಿನಾಯಿ ನಾನು ಬರುವ ಮುಂಚೆಯೇ ಸತ್ತಿತ್ತು. ಅಂದು ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳುಬೇಲಿ ಒಂದು ಕಡೆ ಕುಸಿದಿತ್ತು. ಆಗಷ್ಟೇ ಹುಟ್ಟಿದ್ದ ಮರಿಗಳು ಇರಲಿಲ್ಲ. ತಾಯಿಕುರಿಗಳು ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ನಮ್ಮ ಮಾವ ಬೇಲಿಯ ಸುತ್ತ ಹೆಜ್ಜೆಗುರುತು ನೋಡಿಕೊಂಡು ಬಂದು, ಕೈಕಾಲು ತೊಳೆದು ಜಗಲಿಯ ಮೇಲೆ ಕೂತು, "ನಾಯಿ ಇಲ್ದೆ ಆಗಲ್ಲ ಕಣೋ. ಈ ಸಲ ಕೋಲಾರಕ್ಕೆ ಹೋದಾಗ ಒಂದು ಮರಿ ನೋಡು" ಎಂದು ನಮ್ಮ ಮನೆಯವರಿಗೆ ಹೇಳಿದರು.

ನಮ್ಮ ಮನೆಯವರು ರೇಷ್ಮೆಗೂಡು ಮಾರಲು ಕೋಲಾರಕ್ಕೆ ಹೋದವರು ಸಂತೆಯಿಂದ ಒಂದು ಮರಿಯನ್ನು ಬುಟ್ಟಿಯಲ್ಲಿ ತಂದರು. ಕಪ್ಪು ಬಣ್ಣ, ಮುದ್ದಾದ ಮುಖ. ಚಿನ್ನದ ಗಣಿಯ ದೊರೆಯೊಬ್ಬನ ಮನೆಯ ದೊಡ್ಡ ಜಾತಿಯ ನಾಯಿಗೆ ಹುಟ್ಟಿದ್ದು ಎಂದು ಮಾರಿದವನು ಹೇಳಿದನಂತೆ. "ತಾಯಿ ಎಲ್ಲಿದೆಯಪ್ಪ?" ಎಂದು ಇವರು ಕೇಳಿದ್ದಕ್ಕೆ, "ಊರಲ್ಲಿದೆ ಸಾಮಿ" ಎಂದನಂತೆ. ಯಾವ ಊರು ಎಂದರೆ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿಕೊಂಡನಂತೆ. ಅವನ ಬುಟ್ಟಿಗಳಲ್ಲಿ ಕಪ್ಪು, ಬಿಳಿ, ಕಂದು, ಜೂಲುಗೂದಲು, ಬೋಳುಗೂದಲು ಎಲ್ಲ ತರಹದ ಮರಿಗಳೂ ಇದ್ದವಂತೆ. ಇವತ್ತು ಬಿಟ್ಟರೆ ನಾಳೆ ಸಿಗುವುದಿಲ್ಲ ಎಂದು ಅವಸರ ಮಾಡಿ ಕೈಗೆ ಕೊಟ್ಟನಂತೆ.

ಆ ಮರಿಗೆ ಹಾಲು ನೆಕ್ಕಿ ಕುಡಿಯಲು ಕೂಡ ಬರುತ್ತಿರಲಿಲ್ಲ. ಹತ್ತಿಯ ಬತ್ತಿ ಅದ್ದಿ ನಾನೇ ಕುಡಿಸುತ್ತಿದ್ದೆ. ಹೊಟ್ಟೆ ಮಡಕೆಯ ಹಾಗೆ ಉಬ್ಬಿತ್ತು, ಕಣ್ಣಿನ ಮೂಲೆಯಲ್ಲಿ ಯಾವಾಗಲೂ ಪಿಸುರು. ಕೆಲವೇ ದಿನಗಳಲ್ಲಿ ಮೂಗು ಸುರಿಸುತ್ತಾ, ಕಾಲು ನಡುಗಿಸುತ್ತಾ ಸತ್ತುಹೋಯಿತು. ಹೊಸ ಮನೆಯಲ್ಲಿ ನನ್ನ ಮಡಿಲಿಗೆ ತಾನಾಗಿ ಹತ್ತಿ ಬಂದಿದ್ದ ಮೊದಲ ಜೀವ ಅದು. ಹಿತ್ತಿಲಲ್ಲಿ ಕೂತು ಅಳುತ್ತಿದ್ದಾಗ ನಮ್ಮತ್ತೆ ಬಂದು ಪಕ್ಕದಲ್ಲಿ ಕೂತರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿಲ್ಲ.

ಆಮೇಲೆ ಮಾವನೇ ಹೋಳೂರಿನ ಅಮ್ಮನ ವಿಷಯ ತೆಗೆದರು. ಆಕೆ ಗೌಡರ ಮನೆತನದ ವಿಧವೆ. ಗಂಡನಿಗೆ ಬೇಟೆಯ ಹುಚ್ಚು; ಉದ್ದ ಕಾಲಿನ, ಕೆಂಚು ಮೈಯ, ಎದೆಯಲ್ಲಿ ಬಿಳಿ ಮಚ್ಚೆಯಿದ್ದ ನಾಯಿಗಳನ್ನು ಸಾಕಿದ್ದರಂತೆ. ಗಂಡ ತೀರಿಕೊಂಡ ಮೇಲೆ ಬೇಟೆ ನಿಂತಿತು, ನಾಯಿಗಳು ಉಳಿದವು. ಆಕೆ ಜಮೀನಿನ ಜೊತೆ ನಾಯಿಗಳನ್ನೂ ನೋಡಿಕೊಂಡು ಬಂದರು. ಅವರ ಮನೆಯ ಮರಿಗಳು ಶ್ರೀನಿವಾಸಪುರ, ಮಾಲೂರಿನ ತನಕ ಹೋಗಿದ್ದವು. "ಆದ್ರೆ ಆಯಮ್ಮ ಎಲ್ಲರಿಗೂ ಕೊಡಲ್ಲಂತೆ" ಎಂದರು ಮಾವ. ತಮಗೂ ಕೊಡದೆ ಇರಬಹುದು ಎಂಬ ಯೋಚನೆ ಆಗ ಅವರಿಗೆ ಬಂದಂತಿರಲಿಲ್ಲ.

ನನ್ನ ತವರು ಶ್ರೀನಿವಾಸಪುರದ ಕಡೆ. ನನ್ನನ್ನು ತವರಿಗೆ ಬಿಡುವ ದಾರಿಯಲ್ಲಿ ಹೋಳೂರಿಗೂ ಹೋಗಿಬರೋಣವೆಂದು ಮಾವ ಎತ್ತಿನ ಗಾಡಿ ಕಟ್ಟಿಸಿದರು. ಹೀಗಾಗಿ ಮಾವನ ಮೊದಲ ಭೇಟಿಯಲ್ಲೇ ನಾನೂ ಆಕೆಯನ್ನು ನೋಡುವಂತಾಯಿತು.

ದೊಡ್ಡ ಜಗಲಿಯ ಮನೆ. ಗಾಡಿ ನಿಂತ ಕೂಡಲೇ ನಾಲ್ಕಾರು ನಾಯಿಗಳು ಬೊಗಳಿಕೊಂಡು ಬಂದವು. ಒಳಗಿನಿಂದ ಎತ್ತರದ ಹೆಂಗಸೊಬ್ಬರು ಹೊರಬಂದು ತೆಲುಗಿನಲ್ಲಿ "ರಾ ತಲ್ಲಿ, ಚಾಲು" ಎಂದರು, ಬಾ ತಾಯಿ, ಸಾಕು ಎಂದು. ಅವು ಬಾಯಿ ಮುಚ್ಚಿಕೊಂಡು ಅವರ ಹಿಂದೆ ಹೋಗಿ ನಿಂತವು. ನಾಯಿಗಳ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ಅದು ಅವರ ಪದ್ಧತಿ. ಧ್ವನಿ ದೊಡ್ಡದು. ಎದುರಿಗೆ ಗಂಡಸರಿದ್ದರೂ ಕಂಬಕ್ಕೆ ಒರಗದೆ ನೆಟ್ಟಗೆ ನಿಂತು ಮಾತಾಡುವ ಹೆಂಗಸನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ.

"ಮರಿ ಬೇಕಾಗಿತ್ತಮ್ಮ. ಏನು ಕೊಡಬೇಕೋ ಹೇಳಿ, ತಗೊಂಡು ಹೋಗ್ತೀವಿ" ಎಂದರು ಮಾವ.

"ಮೊದ್ಲು ನೀರು ಕುಡೀರಿ. ಆಮೇಲೆ ಕಾಲು ತೊಳ್ಕೊಂಡು ಬನ್ನಿ. ಮನೇಲಿ ಬೇರೆ ನಾಯಿ ಇದೆಯಾ?"

ಸಂತೆಯ ಮರಿಯ ಕಥೆಯನ್ನು ಮಾವ ಹೇಳಿದರು. ಆಕೆ ಅದನ್ನು ಪೂರ್ತಿ ಕೇಳಿಸಿಕೊಂಡರು. ಮೂಗು ಸುರಿಸುತ್ತಿತ್ತೇ, ನಡುಕ ಇತ್ತೇ ಎಂದು ನನ್ನ ಕಡೆ ತಿರುಗಿ ಕೇಳಿದರು. ಹೌದೆಂದೆ. "ಅದು ಮಲಗಿದ್ದ ಜಾಗಕ್ಕೆ ಸುಣ್ಣ ಬಳಿದ್ರಾ? ಹೊದ್ದಿಸಿದ್ದ ಬಟ್ಟೆ ಸುಟ್ರಾ?" ಇಲ್ಲವೆಂದೆ. ಅವರು ನಮ್ಮನ್ನು ಮರಿಗಳ ಹತ್ತಿರ ಬಿಡುವ ಮುಂಚೆ ನನ್ನ ಸೀರೆಯ ಸೆರಗನ್ನು ಕೂಡ ಬಿಸಿನೀರಿನಲ್ಲಿ ಅದ್ದಿಸಿ ಹಿಂಡಿಸಿದರು. ಮಾವನಿಗೆ ಇದೆಲ್ಲ ಅತಿಯಾಗಿ ಕಂಡಿತು. ಆದರೂ ಬಗ್ಗಿ ಕಾಲು ತೊಳೆದುಕೊಂಡರು.

ಮರಿಗಳು ದನದ ಕೊಟ್ಟಿಗೆಯಲ್ಲಿರುತ್ತವೆ ಎಂದು ನಾನು ಅಂದುಕೊಂಡಿದ್ದೆ. ಅವು ಇದ್ದದ್ದು ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ, ಒಣಹುಲ್ಲಿನ ಮೇಲೆ ಹಳೆಯ ಸೀರೆ ಹಾಸಿದ ಮೂಲೆಯಲ್ಲಿ. ಅಲ್ಲಿ ಮನೆಯವರೆಲ್ಲ ಓಡಾಡುತ್ತಿದ್ದರು, ಪಾತ್ರೆಗಳ ಸದ್ದು, ಒರಳಿನ ಸದ್ದು, ಮಕ್ಕಳ ಗಲಾಟೆ. ಮರಿಗಳು ಅದಾವುದಕ್ಕೂ ಬೆಚ್ಚುತ್ತಿರಲಿಲ್ಲ. ನಾವು ಹೋದ ಕೂಡಲೇ ಕಾಲಿಗೆ ಬಂದು ತೊಡರಿಕೊಂಡವು. ತಾಯಿ ಅಲ್ಲೇ ಮಲಗಿತ್ತು. ಪಕ್ಕೆಲುಬು ಕಾಣುತ್ತಿದ್ದರೂ ಕೂದಲು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

"ಕೂತ್ಕೊಮ್ಮ. ನೀನು ಮುಟ್ಟಬೇಡ, ಅದೇ ಬಂದು ಮೂಸಲಿ" ಎಂದರು. ನಾನು ಕೂತೆ. ತಾಯಿ ಎದ್ದು ಬಂದು ನನ್ನ ಕೈ, ಮೊಣಕಾಲು, ಕೊನೆಗೆ ಗಲ್ಲವನ್ನು ಮೂಸಿ ಮತ್ತೆ ಹೋಗಿ ಮಲಗಿತು. "ತಾಯಿ ಗುಣ ನೋಡದೆ ಮರಿ ತಗೊಂಡ್ರೆ ಏನು ತಗೊಂಡಂಗಾಯ್ತು? ನಾಳೆ ಈ ಮರಿ ದೊಡ್ಡದಾದಾಗ ಹೆಂಗಿರುತ್ತೆ ಅಂತ ಇಲ್ಲೇ ಕಾಣ್ತದೆ" ಎಂದರು ಮಾವನಿಗೆ. ಮರಿಗಳ ಅಪ್ಪನನ್ನೂ ಕರೆದು ತೋರಿಸಿದರು. ಅದು ಹಿತ್ತಿಲ ಬಾವಿಯ ಹತ್ತಿರ ಮಲಗಿದ್ದ ದೊಡ್ಡ ಗಂಡು.

ಒಂದು ಮರಿ ಉಳಿದವುಗಳಿಂದ ದೂರ ಕೂತಿತ್ತು. "ಅದಕ್ಕೇನಾಗಿದೆ?" ಎಂದು ಮಾವ ಕೇಳಿದರು.

"ಹಿಂದಿನ ಕಾಲು ಸೊಟ್ಟ. ಹುಟ್ಟಿದಾಗಿಂದ ಹಂಗೇ. ಅದನ್ನ ಯಾರಿಗೂ ಕೊಡಲ್ಲ, ಇಲ್ಲೇ ಇರುತ್ತೆ."

ಆಮೇಲೆ ಪ್ರಶ್ನೆ ಶುರುವಾಯಿತು. ಕಟ್ಟಿಹಾಕುತ್ತೀರೋ ಬಿಡುತ್ತೀರೋ, ಬಿಟ್ಟರೆ ಬಾವಿಗೆ ಕಟ್ಟೆ ಇದೆಯೋ ಇಲ್ಲವೋ, ಮಳೆ ಬಂದಾಗ ಎಲ್ಲಿ ಮಲಗುತ್ತೆ. ಮಾವ ಉತ್ತರ ಕೊಟ್ಟುಕೊಂಡು ಹೋದರು. "ಊಟ ಹಾಕೋರು ಯಾರು?" ಎಂದಾಗ ಅವರು ನನ್ನ ಮುಖ ನೋಡಿದರು.

"ನಾನೇ ಹಾಕ್ತೀನಿ" ಎಂದೆ.

"ಈಗ ತವರಿಗೆ ಹೊರಟಿದ್ದೀಯಲ್ಲ. ಹಿಂಗೆ ಹೋದಾಗ?"

"ನಮ್ಮತ್ತೆ ಹಾಕ್ತಾರೆ."

"ಅತ್ತೇನ ಕೇಳಿದ್ದೀಯಾ?"

ಕೇಳಿರಲಿಲ್ಲ. ತಲೆ ತಗ್ಗಿಸಿದೆ. ಆಕೆ ನಕ್ಕರು. ಆದರೆ ಮರಿ ಕೊಡಲಿಲ್ಲ. ಇನ್ನೂ ತಾಯಿಯ ಹಾಲು ಬಿಟ್ಟಿಲ್ಲ, ಎರಡು ತಿಂಗಳಾದರೂ ತುಂಬಬೇಕು, ಅಷ್ಟರಲ್ಲಿ ಮನೆಗೆಲ್ಲ ಸುಣ್ಣ ಬಳಿಸಿ, ಆಮೇಲೆ ನೋಡೋಣ ಎಂದರು. ಮಾವ ದುಡ್ಡಿನ ಚೀಲ ತೆಗೆದು ಮುಂಗಡ ಕೊಡಲು ಹೋದರೆ, "ಈಗ ಇಸ್ಕೊಂಡ್ರೆ ನಾನು ನಿಮಗೆ ಕೊಡಲೇಬೇಕಾಗ್ತದೆ. ಬೇಡ" ಎಂದು ಕೈ ಹಿಂದಕ್ಕೆ ತೆಗೆದುಕೊಂಡರು.

ಗಾಡಿ ಊರು ದಾಟುವ ತನಕ ಮಾವ ಎತ್ತುಗಳನ್ನೇ ಗದರುತ್ತಿದ್ದರು. ಆಮೇಲೆ, "ನಿನ್ನ ಕೇಳಕ್ಕೆ ನಿಮ್ಮಪ್ಪನ ಮನೆಗೆ ಬಂದಾಗ್ಲೂ ಇಷ್ಟು ಪ್ರಶ್ನೆ ಕೇಳಿರ್ಲಿಲ್ಲ ಕಣಮ್ಮ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ಮೀಸೆಯಲ್ಲೇ ನಕ್ಕರು. ಆದರೂ ಒಳಗೆ ಅವಮಾನವಾಗಿತ್ತು. ಬೇರೆ ಕಡೆ ನೋಡೋಣ ಎಂದು ತೀರ್ಮಾನ ಮಾಡಿಯೇ ನನ್ನನ್ನು ತವರಿನಲ್ಲಿ ಇಳಿಸಿ ಹೋದರು.

ನಾನು ತವರಿನಿಂದ ವಾಪಸು ಬಂದ ಮೇಲೆ ಒಂದು ಬೆಳಿಗ್ಗೆ ಆಕೆಯೇ ಬಸ್ಸಿಳಿದು, ಕೆರೆ ಏರಿಯ ಮೇಲೆ ನಡೆದುಕೊಂಡು ನಮ್ಮ ತೋಟದ ಮನೆಗೆ ಬಂದರು. ಮುಂಚೆ ಹೇಳಿ ಕಳಿಸಿರಲಿಲ್ಲ. ನಾವು ಸುಣ್ಣ ಬಳಿದಿದ್ದೆವು. ಮಾವ ಬೇಡವೆಂದರೂ ನಮ್ಮತ್ತೆ ಹಟ ಹಿಡಿದು ಬಳಿಸಿದ್ದರು. ಆಕೆ ದೊಡ್ಡಿ ನೋಡಿದರು, ಬಾವಿ ನೋಡಿದರು, ಎತ್ತುಗಳ ಮೈ ಮುಟ್ಟಿ ನೋಡಿದರು. ಎತ್ತಿನ ಹೆಗಲಲ್ಲಿ ಗಾಯವಿದ್ದರೆ ಆ ಮನೆಗೆ ನಾಯಿ ಕೊಡಬಾರದು ಎಂದು ನಮ್ಮತ್ತೆಗೆ ಹೇಳಿದರಂತೆ. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಊಟ ಮಾಡಿ, ನಮ್ಮತ್ತೆಯ ಜೊತೆ ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಇಬ್ಬರೂ ಅರ್ಧ ತೆಲುಗು, ಅರ್ಧ ಕನ್ನಡ. ಹೊರಡುವಾಗ, "ಬಂದು ತಗೊಂಡು ಹೋಗಿ" ಎಂದರು.

ಮಾವನಿಗೆ ಮೊದಲ ದಿನವೇ ಕಣ್ಣಿಗೆ ಬಿದ್ದಿದ್ದ ದಪ್ಪ ತಲೆಯ ಗಂಡು ಮರಿ ಬೇಕಿತ್ತು. ಆಕೆ ಕೊಟ್ಟದ್ದು ಸುಮ್ಮನಿರುವ ಒಂದು ಹೆಣ್ಣನ್ನು. "ಆ ಗಂಡಿಗೆ ದಿನಾ ಕಾಡು ಸುತ್ತಿಸೋರು ಬೇಕು. ನಿಮ್ಮನೇಲಿ ನಾಳೆ ಮಗು ಆಗುತ್ತೆ, ಸುತ್ತ ಕುರಿ ಇವೆ. ಇದು ನೋಡಿ ಯೋಚನೆ ಮಾಡಿ ಮುಂದಕ್ಕೆ ಹೋಗೋ ಜೀವ" ಎಂದರು. ಗಂಡು ಮರಿಗೆ ಹೆಚ್ಚು ದುಡ್ಡು ಕೊಡುತ್ತೇನೆಂದು ಮಾವ ಹೇಳಿದರೂ ಕೇಳಲಿಲ್ಲ. ತಾಯಿ ಮಲಗುತ್ತಿದ್ದ ಸೀರೆಯ ಒಂದು ತುಂಡು ಹರಿದು ಮರಿಯ ಜೊತೆ ಕೊಟ್ಟರು. ಅದು ಈಗ ಏನು ತಿನ್ನುತ್ತಿದೆ, ಎಷ್ಟು ಸಲ ತಿನ್ನುತ್ತೆ ಎಂದು ನನಗೆ ಹೇಳಿ, ನನ್ನ ಬಾಯಿಂದ ತಿರುಗಿ ಹೇಳಿಸಿದರು. ಕೊನೆಗೆ ಮಾವನಿಗೆ ಒಂದು ಮಾತು.

"ಇಟ್ಕೊಳ್ಳಕ್ಕೆ ಆಗ್ದೆ ಹೋದ್ರೆ ಯಾರಿಗೂ ಕೊಡಬೇಡಿ, ದಾರೀಲಿ ಬಿಡಬೇಡಿ. ನನಗೆ ತಂದುಕೊಡಿ. ಮುದಿಯಾಗಿದ್ರೂ ಸರಿ, ಕುಂಟಾಗಿದ್ರೂ ಸರಿ. ಇದು ನನ್ನ ಮನೇಲಿ ಹುಟ್ಟಿದ್ದು."

ಆ ಮರಿಗೆ ನಾವು ಹೆಸರಂತ ಇಡಲೇ ಇಲ್ಲ. ನಮ್ಮತ್ತೆ "ಬಾಮ್ಮ" ಎಂದು ಕರೆಯುತ್ತಿದ್ದರು, ಅದಕ್ಕೇ ಬರುತ್ತಿತ್ತು. ವರ್ಷ ತುಂಬುವುದರೊಳಗೆ ಉದ್ದ ಕಾಲಿನ, ಕೆಂಚು ಮೈಯ ನಾಯಿಯಾಯಿತು. ಹಗಲೆಲ್ಲ ಕುರಿಗಳ ಸುತ್ತ ಇರುತ್ತಿತ್ತು. ತೋಳ ಆಮೇಲೂ ಗುಡ್ಡದ ಅಂಚಿನಲ್ಲಿ ಕಾಣಿಸಿಕೊಂಡಿತು, ದೊಡ್ಡಿಯ ಹತ್ತಿರ ಬರಲಿಲ್ಲ. ನನ್ನ ಮಗಳು ಹುಟ್ಟಿದಾಗ ನಾಯಿ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಮಲಗಿ, ಮೊದಲ ಸಲ ಬಂದವರನ್ನೆಲ್ಲ ಮೂಸಿಯೇ ಒಳಗೆ ಬಿಡುತ್ತಿತ್ತು. ಮಗು ಅದರ ಕಿವಿ ಹಿಡಿದು ಎದ್ದು ನಿಲ್ಲುವುದನ್ನು ಕಲಿಯಿತು. ಮಾವ ಯಾರಾದರೂ ಬಂದರೆ, "ನಾನೇ ನೋಡಿ ತಂದಿದ್ದು" ಎನ್ನುತ್ತಿದ್ದರು. ಸಂಜೆ ಲಾಟೀನು ಹಚ್ಚಿದರೆ ಅದರ ಕಣ್ಣು ಬೇರೆ ನಾಯಿಗಳ ಕಣ್ಣಿಗಿಂತ ಹೆಚ್ಚಾಗಿ, ಹಸಿರಾಗಿ ಹೊಳೆಯುತ್ತಿತ್ತು. ಜಾತಿ ನಾಯಿಯ ಕಣ್ಣೇ ಹಾಗೆ ಎಂದು ನಾವು ಮೆಚ್ಚಿಕೊಳ್ಳುತ್ತಿದ್ದೆವು.

ಎರಡನೇ ಮಹಾಯುದ್ಧ ಶುರುವಾಗಿ ಪೆಟ್ರೋಲು ಸಿಗದೆ, ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿಸುತ್ತಿದ್ದ ಕಾಲ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಳೂರಿನ ಅಮ್ಮ ನಮ್ಮ ಅಂಗಳಕ್ಕೆ ಬಂದು ನಿಂತರು. ಸೀರೆಯ ಮೇಲೆಲ್ಲ ಮಸಿ. ನಾಯಿ ಅವರ ವಾಸನೆ ಹಿಡಿದು ಓಡಿ ಬಂದು ಮೈಮೇಲೆ ಬಿತ್ತು. ಅವರು ಅದನ್ನು ಬಾಚಿ ಹಿಡಿದುಕೊಂಡು, ಮುಖ ಎತ್ತಿ ಕಣ್ಣು ನೋಡಿದರು. ನೀರು ಕೊಟ್ಟರೆ ಕುಡಿಯಲಿಲ್ಲ.

"ಇದನ್ನ ಸ್ವಲ್ಪ ಹಿಂದುಗಡೆ ಕಟ್ಟು. ಲಾಟೀನು ಒಳಗಿಡು" ಎಂದು ನನಗೆ ಹೇಳಿದರು. ಕಟ್ಟಿ ಬಂದೆ. ಅವರು ನಮ್ಮ ಮನೆಯವರ ಕೈಯಲ್ಲಿ ಮಂಚವೊಂದನ್ನು ಹೊರಗೆ ತರಿಸಿ, ಯಾವತ್ತೂ ಏನೂ ಇಡದ ಕಡೆ, ಹಿತ್ತಿಲಿನಿಂದ ಅಂಗಳಕ್ಕೆ ಬರುವ ದಾರಿಗೆ ಅಡ್ಡವಾಗಿ ಹಾಕಿಸಿದರು. ಕತ್ತಲಾಗುತ್ತಿತ್ತು, ಆದರೂ ನಮಗೆಲ್ಲ ಮಂಚ ಚೆನ್ನಾಗಿ ಕಾಣುತ್ತಿತ್ತು. "ಈಗ ಬಿಟ್ಟು ಕರೀರಿ" ಎಂದರು.

ನಮ್ಮತ್ತೆ "ಬಾಮ್ಮ" ಎಂದರು. ನಾಯಿ ನೇರವಾಗಿ ಓಡಿ ಬಂದು ಮಂಚದ ಕಾಲಿಗೆ ಮುಖ ಗುದ್ದಿಕೊಂಡು ಬಿತ್ತು. ಎದ್ದು ನಿಂತು, ಏನಾಯಿತೆಂದು ತಿಳಿಯದೆ ಗಾಳಿಯನ್ನು ಮೂಸುತ್ತಿತ್ತು.

 ಅಂಗಳದ ಒಂದೊಂದು ಕಲ್ಲೂ ಅದಕ್ಕೆ ಗೊತ್ತಿದ್ದುದರಿಂದ, ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ ಎಂದು ಇಷ್ಟು ದಿನ ನಮಗೆ ತಿಳಿದೇ ಇರಲಿಲ್ಲ. ಆಕೆ ಅದೇ ಮಂಚದ ಮೇಲೆ ಕೂತರು.

"ಇದರ ಜೊತೆ ಹುಟ್ಟಿದ ಒಂದು ನಮ್ಮನೇಲೇ ಇತ್ತಲ್ಲ, ಸೊಟ್ಟ ಕಾಲಿಂದು. ಅದಕ್ಕೆ ಹಿಂಗೇ ಶುರುವಾಯ್ತು. ಮೊದ್ಲು ಸಂಜೆ ಕಾಣ್ತಿರ್ಲಿಲ್ಲ, ಈಗ ಹಗಲೂ ಇಲ್ಲ. ಕೋಲಾರದ ದನದ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಬ್ಯಾಟರಿ ಬಿಟ್ಟು ನೋಡಿದ್ರು. ಕಣ್ಣು ಒಳಗಿಂದ ಒಣಗ್ತಾ ಇದೆ, ಅದು ಹಂಗೆ ಹೊಳೆಯೋದೂ ಅದರದ್ದೇ ಗುರುತು, ಇದು ರಕ್ತದಲ್ಲಿ ಬಂದಿದ್ದು, ಔಷಧಿ ಇಲ್ಲ ಅಂದ್ರು."

"ರಕ್ತದಲ್ಲಿ ಅಂದ್ರೆ?" ಎಂದರು ಮಾವ.

"ಅಪ್ಪ ಅಮ್ಮ ಇಬ್ಬರ ಕಡೆಯಿಂದಾನೂ. ಎರಡೂ ಒಂದೇ ಅಜ್ಜನ ಮೊಮ್ಮಕ್ಕಳು. ಗೌಡರು ಬೆಳೆಸಿದ ಜಾತಿ, ಬಣ್ಣ ಕೆಡಬಾರದು, ಹೊರಗಿನ ರಕ್ತ ಸೇರಬಾರದು ಅಂತ ನಾನೇ ಕೂಡಿಸಿದ್ದು. ತಪ್ಪು ನಂದು. ಅದಕ್ಕೆ ಆ ಸೂಲಿನ ಮರಿ ಯಾರ್ಯಾರ ಮನೇಲಿ ಇದಾವೋ ಎಲ್ಲರಿಗೂ ಹೇಳಿ ಬರೋಣ ಅಂತ ಹೊರಟಿದ್ದೀನಿ. ಇದು ಕಾವಲಿಗೆ ಆಗಲ್ಲ ಇನ್ನು. ನಾನು ಕರ್ಕೊಂಡು ಹೋಗ್ತೀನಿ. ನಿಮ್ಮ ದುಡ್ಡು ತಂದಿದ್ದೀನಿ. ಇಲ್ಲ, ಬೇರೆ ಮರಿ ಬೇಕಂದ್ರೆ ಕಾಯಬೇಕು. ಈ ಜಾತಿನ ಇನ್ನು ಬೆಳೆಸಲ್ಲ."

ಬಸ್ಸಿನ ಹೊಗೆ ಕುಡಿದುಕೊಂಡು ಇಷ್ಟು ದೂರ ಬಂದು, ಯಾರೂ ಕೇಳದಿದ್ದ ತಪ್ಪನ್ನು ತಾನೇ ಹೇಳುತ್ತಿದ್ದ ಆ ಹೆಂಗಸನ್ನು ನಾನು ನೋಡುತ್ತಿದ್ದೆ. ಧ್ವನಿ ಹಿಂದಿನಷ್ಟೇ ದೊಡ್ಡದಾಗಿತ್ತು. ಕೈ ಮಾತ್ರ ನಾಯಿಯ ತಲೆಯನ್ನು ಬಿಟ್ಟಿರಲಿಲ್ಲ.

ಮಾವ ಬಗ್ಗಿ ನಾಯಿಯ ಮೂಗು ಸವರಿ ನೋಡಿದರು. ಆಮೇಲೆ, "ನಮ್ಮ ಜನ ಅಕ್ಕನ ಮಗಳನ್ನೇ ತರ್ತೀವಮ್ಮ, ನೀವು ನಾಯಿಗೆ ಹೇಳ್ತಿದ್ದೀರ" ಎಂದರು. ಆಕೆ ನಗಲಿಲ್ಲ. ಮಾವ ಮತ್ತೆ ಹೇಳಿದರು. "ದುಡ್ಡು ಒಳಗಿಟ್ಕೊಳ್ಳಿ. ನನ್ನ ಮೊಮ್ಮಗಳು ಇದರ ಕಿವಿ ಹಿಡ್ಕೊಂಡು ನಡೆಯೋದು ಕಲ್ತಿದ್ದು. ಮನೆಮಗಳಿಗೆ ಕಣ್ಣು ಹೋಯ್ತು ಅಂತ ತವರಿಗೆ ಕಳಿಸಿಬಿಡ್ತೀವಾ?"

ಆಗ ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಸಿ ಕೆನ್ನೆಗೆಲ್ಲ ಹರಡಿತು.

ಅಂದು ನಮ್ಮಲ್ಲೇ ಉಳಿದರು. ಮಾರನೆಯ ದಿನ ಮಾಲೂರಿಗೆ ಹೋಗಬೇಕಿತ್ತು. ಮಾವನಿಗೆ ಅಂದು ಬೇಕಾಗಿದ್ದ ದಪ್ಪ ತಲೆಯ ಗಂಡು ಮರಿ ಹೋಗಿದ್ದು ಅಲ್ಲಿನ ಒಬ್ಬ ಮಂಡಿ ಸಾಹುಕಾರರ ಮನೆಗೆ. ಬೆಳಿಗ್ಗೆ ಹೊರಡುವಾಗ ಆಕೆ ನನ್ನನ್ನು ಪಕ್ಕಕ್ಕೆ ಕರೆದು, "ನೀನೂ ಬರ್ತೀಯೇನಮ್ಮ? ಆ ಮನೇಲಿ ನನಗೆ ಮರ್ಯಾದೆ ಸಿಗಲ್ಲ. ಜೊತೇಲಿ ಒಬ್ಬರಿದ್ರೆ ಮಾತು ನಡುಗಲ್ಲ" ಎಂದರು. ಅವರಿಗೂ ಅಳುಕಿದೆ ಎಂದು ನನಗೆ ತಿಳಿದದ್ದು ಆಗಲೇ. ನಮ್ಮತ್ತೆ ಮಗುವನ್ನು ಇಟ್ಟುಕೊಂಡರು. ನಾನು ಹೊರಟೆ.

ಅಲ್ಲಿ ನಾಯಿಯನ್ನು ಮಂಡಿಯ ಹಿಂದೆ ಚೀಲಗಳ ನಡುವೆ ಗಿಡ್ಡ ಸರಪಳಿಯಲ್ಲಿ ಕಟ್ಟಿದ್ದರು. ಮೂಗಿನ ಮೇಲೆ ಗಾಯಗಳು. ಅದು ಸಿಕ್ಕಸಿಕ್ಕದ್ದಕ್ಕೆ ಗುದ್ದುತ್ತಿದ್ದುದರಿಂದ ಸೊಕ್ಕು ಎಂದು ಹೊಡೆದಿದ್ದರು. ಆಕೆ ವಿಷಯ ಹೇಳಿದ ಕೂಡಲೇ ಸಾಹುಕಾರರು ಎದ್ದು ನಿಂತರು. "ನೂರೆಂಟು ಪ್ರಶ್ನೆ ಕೇಳಿ, ದೊಡ್ಡ ಜಾತಿ ಅಂತ ಕೊಟ್ಟೆ. ಈಗ ಕುರುಡು ಅಂತ ಹೇಳಕ್ಕೆ ಬಂದಿದ್ದೀಯಾ?" ಗಿರಾಕಿಗಳೆಲ್ಲ ತಿರುಗಿ ನೋಡಿದರು.

"ಹೌದು. ಹೇಳಕ್ಕೇ ಬಂದಿದ್ದೀನಿ" ಎಂದರು ಆಕೆ.

ಅವರು ಇನ್ನೂ ಏನೇನೋ ಅಂದರು. ಗೌಡರ ಹೆಸರು ಹಾಳುಮಾಡಿದೆ ಎಂದೂ ಅಂದರು. ಆಕೆ ನಿಂತಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ನಾನು ಅವರ ಕೈ ಹಿಡಿದಿದ್ದೆ, ಬೆರಳುಗಳು ತಣ್ಣಗಿದ್ದವು. ಸಾಹುಕಾರರ ಮಾತು ಮುಗಿದ ಮೇಲೆ ಕೊಡಬೇಕಾದ ದುಡ್ಡನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, "ಹೊಡೆದಿದ್ದು ನಿಮ್ಮ ತಪ್ಪು. ಹುಟ್ಟಿಸಿದ್ದು ನನ್ನ ತಪ್ಪು. ನಂದನ್ನ ನಾನು ತಗೊಂಡು ಹೋಗ್ತೀನಿ" ಎಂದು ಹಿಂದಕ್ಕೆ ಹೋದರು. ಹತ್ತಿರ ಹೋದವರ ಮೇಲೆಲ್ಲ ಹಲ್ಲು ಕಿರಿಯುತ್ತಿದ್ದ ಆ ನಾಯಿ, "ರಾ ತಲ್ಲಿ" ಎಂಬ ಮಾತು ಕೇಳಿದ ಕೂಡಲೇ ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುತ್ತಾ ಬಂತು. ಎರಡು ತಿಂಗಳ ಮರಿಯಾಗಿದ್ದಾಗ ಬಿಟ್ಟುಹೋದ ದನಿ ಅದಕ್ಕೆ ನೆನಪಿತ್ತೋ, ವಾಸನೆ ನೆನಪಿತ್ತೋ, ನನಗೆ ತಿಳಿಯದು.

ಬಸ್ಸಿನ ಕಂಡಕ್ಟರು ನಾಯಿ ಹತ್ತಿಸುವುದಿಲ್ಲ ಎಂದ. ಆಕೆ ವಾದ ಮಾಡಲಿಲ್ಲ. "ಹಂಗಾದ್ರೆ ನಡೀತೀವಿ" ಎಂದು ಕೋಲಾರದ ರಸ್ತೆ ಹಿಡಿದೇಬಿಟ್ಟರು. ನಾನು ಹಿಂದೆ ಓಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದೇ ಬಸ್ಸು ಹೊಗೆ ಬಿಡುತ್ತಾ ಬಂದು ಪಕ್ಕದಲ್ಲಿ ನಿಂತಿತು. ಒಳಗಿದ್ದ ಹೆಂಗಸರು ಯಾರೋ ಕಂಡಕ್ಟರನಿಗೆ ಬಯ್ದಿದ್ದರಂತೆ. ನಾಯಿ ಕೋಲಾರದ ತನಕ ಆಕೆಯ ಕಾಲಿನ ಮೇಲೆ ತಲೆಯಿಟ್ಟು ಮಲಗಿತ್ತು. ನಾನು ಕೋಲಾರದಲ್ಲಿ ಇಳಿದೆ, ನಮ್ಮ ಮನೆಯವರು ಕಾಯುತ್ತಿದ್ದರು. ಆಕೆ ಹೋಳೂರಿಗೆ ಮುಂದುವರಿದರು.

ಆ ಸೂಲಿನ ಉಳಿದ ಮನೆಗಳಿಗೂ ಅವರು ಹೋಗಿ ಬಂದರು. ಮನೆಯಲ್ಲಿದ್ದ ಕೆಂಚು ನಾಯಿಗಳ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಮಾಡಿ, ಆ ಜಾತಿಯನ್ನು ಅಲ್ಲಿಗೇ ನಿಲ್ಲಿಸಿದರು. ಯುದ್ಧಕ್ಕೆ ಸಾಮಾನು ಒದಗಿಸುವ ಗುತ್ತಿಗೆದಾರರೊಬ್ಬರು ಬಂದು ಎಷ್ಟಾದರೂ ಸರಿ, ಮರಿ ಹಾಕಿಸಿ ಕೊಡಿ ಎಂದು ಕೇಳಿದರಂತೆ. ಕುರುಡಾಗುತ್ತವೆ ಎಂದು ಹೇಳಿದರೂ, ತಮಗೆ ನೋಟ ಮುಖ್ಯ ಎಂದರಂತೆ. ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ದಾಗಿ ಆಕೆ ನಗುತ್ತಾ ಹೇಳಿದರು.

ಒಂದೆರಡು ವರ್ಷ ಕಳೆದ ಮೇಲೆ ನಂಗಲಿಯ ಆಚೆಯ ಕುರಿಗಾಹಿಗಳ ಹತ್ತಿರ ಹೋಗಿ, ಸಂಬಂಧವಿಲ್ಲದ ಎರಡು ಮಂದೆಗಳಿಂದ ಒಂದು ಗಂಡು, ಒಂದು ಹೆಣ್ಣನ್ನು ತಂದರು. ಅವುಗಳಿಗೆ ಹುಟ್ಟಿದ ಮರಿಗಳು ಬೂದುಬಣ್ಣ, ಮೈಮೇಲೆ ಗೀರುಗೀರು, ಕಾಲೂ ಅಷ್ಟು ಉದ್ದವಿಲ್ಲ. ನೋಡಿದವರು ಗೌಡರ ನಾಯಿಗಳ ಹಾಗಿಲ್ಲ ಎಂದು ಮೂಗು ಮುರಿದರು. "ಕಣ್ಣು ಕಾಣ್ತವಲ್ಲ" ಎನ್ನುತ್ತಿದ್ದರು ಆಕೆ. ಆದರೂ ಮೊದಲ ಸೂಲಿನ ಮರಿಗಳನ್ನು ಯಾರಿಗೂ ಕೊಡಲಿಲ್ಲ. ತಮ್ಮಲ್ಲೇ ಸಾಕಿ, ದೊಡ್ಡದು ಮಾಡಿ, ಸಂಜೆ ಹೊತ್ತು ದಾರಿಗೆ ಅದು ಇದು ಅಡ್ಡ ಇಟ್ಟು ಕರೆದು ನೋಡಿ, ಎಲ್ಲವೂ ಸರಿಯಿವೆ ಎಂದು ಮನಸ್ಸಿಗೆ ಬಂದ ಮೇಲೆಯೇ ಕೊಡಲು ಒಪ್ಪಿದರು. ಅದರಲ್ಲಿ ಒಂದನ್ನು ನಮಗೆ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಮಾವ ಒಂದು ಮೂಟೆ ರಾಗಿ ಗಾಡಿಯಲ್ಲಿ ಒಯ್ದು ಇಳಿಸಿ ಬಂದರು. ಅದನ್ನು ಬೇಡವೆನ್ನಲಿಲ್ಲ, ನಾಯಿಗಳಿಗೆ ಅಂಬಲಿಗಾಯಿತು ಎಂದರು.

ಈಗ ಮೊಮ್ಮಕ್ಕಳು ನಾಯಿಮರಿ ತರಲು ಹೊರಟರೆ ನನ್ನ ಹತ್ತಿರ ಬಂದು ಕೇಳುತ್ತಾರೆ, ಅಜ್ಜಿ, ಎಂಥವರ ಹತ್ತಿರ ತರಬೇಕು ಎಂದು. ಮರಿಯನ್ನು ಆಮೇಲೆ ನೋಡಿ, ಮೊದಲು ಕೊಡುವವರನ್ನು ನೋಡಿ ಎನ್ನುತ್ತೇನೆ. ತಾಯಿಯನ್ನು ಮರೆಮಾಡದೆ ಮುಂದೆ ತಂದು ನಿಲ್ಲಿಸುತ್ತಾರೋ, ನಿಮ್ಮನ್ನು ನಂಬುವ ಮುಂಚೆ ನಿಮ್ಮ ಮನೆಯ ಸಮಾಚಾರ ಕೇಳುತ್ತಾರೋ, ಇಲ್ಲ ಎಂದು ಹೇಳುವ ಧೈರ್ಯ ಅವರಿಗಿದೆಯೋ. ಕೊಟ್ಟ ಮೇಲೂ ಅದು ತಮ್ಮದೇ ಎಂದುಕೊಳ್ಳುವವರು ಸಿಕ್ಕರೆ ಅಲ್ಲೇ ತನ್ನಿ, ಎಷ್ಟು ದಿನ ಕಾಯಿಸಿದರೂ ಕಾಯಿರಿ. ಅವರು ನಗುತ್ತಾರೆ. ನಾಯಿ ತರೋಕೆ ಇಷ್ಟೆಲ್ಲ ಏಕೆ ಎನ್ನುತ್ತಾರೆ. ನಾನು ಹೋಳೂರಿನ ಅಮ್ಮನ ಕಥೆ ಶುರುಮಾಡುತ್ತೇನೆ.

ನಮ್ಮ ಹಳೆಯ ನಾಯಿಗೆ ಮುಂದೆ ಹಗಲಿನ ದೃಷ್ಟಿಯೂ ಹೋಯಿತು. ಆಕೆ ಹೇಳಿಕೊಟ್ಟಂತೆ ನಾವು ಅಂಗಳದ ಸಾಮಾನುಗಳನ್ನು ಜಾಗ ಬದಲಿಸದೆ ಇಟ್ಟೆವು, ಬಾವಿಯ ಸುತ್ತ ಮುಳ್ಳು ಹಾಕಿದೆವು. ಹೊಸ ನಾಯಿಯ ಕೊರಳಿಗೆ ಒಂದು ಸಣ್ಣ ಗಂಟೆ ಕಟ್ಟಿದೆವು. ಬಂದ ಹೊಸತರಲ್ಲಿ ಅದು ಹಳೆಯದರ ಹಿಂದೆ ಹಿಂದೆ ತಿರುಗಿ ತೋಟದ ದಾರಿಗಳನ್ನೆಲ್ಲ ಕಲಿಯಿತು. ಆಮೇಲೆ ಹಳೆಯದು ಗಂಟೆಯ ಸದ್ದು ಹಿಡಿದು ಅದರ ಪಕ್ಕೆಗೆ ಪಕ್ಕೆ ತಾಗಿಸಿಕೊಂಡು ನಡೆಯತೊಡಗಿತು. ಹಿಪ್ಪುನೇರಳೆಯ ಸಾಲಿನಲ್ಲಿ ಸೊಪ್ಪು ಕೊಯ್ಯುತ್ತಾ ತಲೆಯೆತ್ತಿದರೆ, ಬೂದುನಾಯಿ ಮುಂದೆ, ಕೆಂಚುನಾಯಿ ಅದಕ್ಕೆ ಒರಗಿಕೊಂಡು, ಎರಡೂ ಕುರಿಗಳ ಹಿಂದೆ ಕೆರೆಯ ಕಡೆ ಹೋಗುತ್ತಿರುವುದು ಕಾಣುತ್ತಿತ್ತು. ಹಾಗೆಯೇ ಹಳೆಯದು ಇನ್ನೂ ಅನೇಕ ವರ್ಷ ನಮ್ಮ ಜೊತೆ ಬದುಕಿತು.